ಸಹ್ಯಾದ್ರಿ ಹತ್ತುವವರಿಗೆ ನಾಲ್ಕು ಇಂಚಿನ ಚಾಕು ಸಾಕು

ಪ್ರಶ್ನೆ: ನಾನು ಹುಬ್ಬಳ್ಳಿಯವಳು, ಪುಣೆಯ ಹಿಂಜವಡಿಯಲ್ಲಿ ಕೆಲಸ. ಎರಡು ವರ್ಷದಿಂದ ಇಲ್ಲಿನ ಕನ್ನಡ ಗೆಳೆಯರ ಜೊತೆ ಕೋಟೆಗಳಿಗೆ ಟ್ರೆಕ್ ಹೋಗುತ್ತಿದ್ದೇನೆ. ಈ ಸಲ ರಾತ್ರಿ ಉಳಿಯುವ ಟ್ರೆಕ್‌ಗಳಿಗೂ ಹೋಗುವ ಆಸೆ. ಅದಕ್ಕೆ ಮಡಚದ ಗಟ್ಟಿ ಚಾಕು ಒಂದು ಬೇಕು. ಆನ್‌ಲೈನ್‌ನಲ್ಲಿ ಒಂದು ನೋಡಿದ್ದೇನೆ. 10 ಇಂಚಿನ ಅಲಗು, ಬೆನ್ನಿನ ಮೇಲೆ ಗರಗಸದ ಹಲ್ಲು, ಹಿಡಿಯ ತುದಿಯಲ್ಲಿ ದಿಕ್ಸೂಚಿ, ಬೆಲೆ 1,200 ರೂಪಾಯಿ. ತಮ್ಮ ಕಾರ್ಬನ್ ಸ್ಟೀಲ್ ತಗೋ ಅಂತಾನೆ, ಗೆಳತಿ ಸ್ಟೇನ್‌ಲೆಸ್ ಅಂತಾಳೆ. 3,000 ರೂಪಾಯಿ ತನಕ ಖರ್ಚು ಮಾಡಬಲ್ಲೆ. ಯಾವುದು ತಗೊಳ್ಳಲಿ? ಬ್ಯಾಗಿನಲ್ಲಿ ಒಯ್ದರೆ ಪೊಲೀಸರ ತೊಂದರೆ ಇದೆಯಾ ಸರ್?

ಉತ್ತರ: ಮೊದಲು ಆ 10 ಇಂಚಿನದನ್ನು ಕೈಬಿಡಿ. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣ ಇದೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ನನ್ನ ಹತ್ತಿರವೂ ಅಂಥದ್ದೇ ಒಂದಿತ್ತು. ಹಿಡಿ ಒಳಗಿಂದ ಟೊಳ್ಳು, ಅದರೊಳಗೆ ಬೆಂಕಿಕಡ್ಡಿ, ಗಾಳ, ಸೂಜಿ, ದಾರ. ಜುಲೈ ತಿಂಗಳಲ್ಲಿ ರಾಜಮಾಚಿಗೆ ಹೋಗಿದ್ದೆವು. ಕೋಟೆಯ ಬುಡದ ಉಧೇವಾಡಿಯಲ್ಲಿ ಒಬ್ಬರ ಮನೆಯಲ್ಲಿ ರಾತ್ರಿ ಉಳಿದೆವು. ಒಲೆಗೆ ಹಾಕುವ ಸೌದೆ ದಪ್ಪ ಇತ್ತು, ಹೊರಗಡೆ ಒದ್ದೆ. ನಾನು ಸೀಳಿಕೊಡುತ್ತೇನೆ ಅಂತ ಚಾಕುವನ್ನು ಸೌದೆಯ ಮೇಲಿಟ್ಟು ಬೆನ್ನಿಗೆ ಕೊರಡಿನಿಂದ ಬಡಿದೆ. ಮೂರನೇ ಏಟಿಗೆ ಹಿಡಿ ಕೈಯಲ್ಲೇ ಉಳಿಯಿತು. ಅಲಗು ಕಿತ್ತುಕೊಂಡು ಹಾರಿ ಪಡಸಾಲೆಯ ಕಂಬಕ್ಕೆ ಬಡಿಯಿತು. ಕಂಬದ ಆಚೆ ಆ ಮನೆಯ ಮಗು ಕೂತಿತ್ತು. ಈಗಲೂ ನೆನೆದರೆ ಎದೆ ಝಲ್ ಅನ್ನುತ್ತದೆ.

ಆಗ ಆ ಮನೆಯ ಅಜ್ಜಿ ಏನೂ ಮಾತಾಡದೆ ತಮ್ಮ ಕೊಯ್ತಾ, ಅಂದರೆ ಮಚ್ಚು, ತಂದು ಎರಡು ನಿಮಿಷದಲ್ಲಿ ಸೌದೆ ಸೀಳಿದರು. ಊರಿನ ಲೋಹಾರ ಲಾರಿಯ ಕಮಾನ್ ಪಟ್ಟಿಯಿಂದ ಬಡಿದು ಮಾಡಿಕೊಟ್ಟ ಕೊಯ್ತಾ ಅದು. ನಮ್ಮ ಕಡೆಯ ಕಮ್ಮಾರರೂ ಕುಡಗೋಲು, ಕೊಡಲಿಗೆ ಇದೇ ಪಟ್ಟಿ ಬಳಸುತ್ತಾರೆ. ಏಟು ತಾಳುವುದಕ್ಕೆಂದೇ ಮಾಡಿದ ಉಕ್ಕು.

ಕಡಿಯುವ ಕೆಲಸ ಕೊಯ್ತಾದ್ದು, ಕೊಡಲಿಯದ್ದು. ಅವು ನಾವು ಉಳಿಯುವ ಹಳ್ಳಿಯಲ್ಲಿ ಮನೆಮನೆಯಲ್ಲೂ ಇರುತ್ತವೆ. ನಮ್ಮ ಬೆನ್ನಿನ ಚೀಲದಲ್ಲಿ ಬೇಕಾದದ್ದು ಕೊಯ್ಯುವ, ಕೆತ್ತುವ, ಹೆರೆಯುವ ಚಾಕು. ಟ್ರೆಕ್‌ನಲ್ಲಿ ಚಾಕು ಹೊರಗೆ ತೆಗೆಯುವುದು ಯಾವಾಗ ಅಂತ ಯೋಚಿಸಿ ನೋಡಿ. ಖಿಚಡಿಗೆ ಈರುಳ್ಳಿ ಹೆಚ್ಚುವಾಗ, ಟಾರ್ಪಾಲಿನ ಹಗ್ಗ ಕತ್ತರಿಸುವಾಗ, ಟೆಂಟಿಗೆ ಗೂಟ ಚೂಪು ಮಾಡುವಾಗ. ಯಾರಾದರೂ ಬಿದ್ದರೆ ಪ್ಯಾಂಟಿನ ಕಾಲು ಸೀಳಿ ಗಾಯ ನೋಡುವುದಕ್ಕೆ, ದುಪಟ್ಟಾ ಹರಿದು ಪಟ್ಟಿ ಕಟ್ಟುವುದಕ್ಕೆ. ಇಷ್ಟಕ್ಕೂ ನಾಲ್ಕು ಇಂಚಿನ, ಅಂದರೆ 10 ಸೆಂಟಿಮೀಟರಿನ ಅಲಗು ಧಾರಾಳವಾಗಿ ಸಾಕು. 10 ಇಂಚಿನದರಲ್ಲಿ ಒಂದು ಬೆಳ್ಳುಳ್ಳಿ ಸುಲಿಯುವುದೂ ಕಷ್ಟ.

ಗರಗಸದ ಹಲ್ಲಿನ ಬಗ್ಗೆ ಒಂದು ಮಾತು. ಮರ ಕುಯ್ಯುವ ಗರಗಸದ ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಸ್ವಲ್ಪ ಬಾಗಿರುತ್ತವೆ. ಅದರಿಂದ ಕುಯ್ದ ಸಂದು ಅಲಗಿಗಿಂತ ಅಗಲ ಆಗುತ್ತದೆ, ಗರಗಸ ಸಿಕ್ಕಿಕೊಳ್ಳುವುದಿಲ್ಲ. ಇಂಥ ಅಗ್ಗದ ಚಾಕುವಿನ ಬೆನ್ನಿನಲ್ಲಿ ಆ ಬಾಗು ಇರುವುದಿಲ್ಲ. ಅರ್ಧ ಇಂಚು ಹೋಗುವುದರೊಳಗೆ ಸಿಕ್ಕಿಕೊಳ್ಳುತ್ತದೆ. ಹೆಬ್ಬೆರಳನ್ನು ಬೆನ್ನಿನ ಮೇಲೆ ಒತ್ತಿ ನಯವಾಗಿ ಕೆತ್ತಬೇಕು ಅಂದರೆ ಆ ಹಲ್ಲು ಬೆರಳಿಗೇ ಚುಚ್ಚುತ್ತದೆ. ದಿಕ್ಸೂಚಿ ಬೇಕಿದ್ದರೆ ಬೇರೆಯೇ ಒಂದು ತಗೊಳ್ಳಿ.

ಈಗ ಕೊಳ್ಳುವಾಗ ಏನು ನೋಡಬೇಕು ಅಂತ ಹೇಳುತ್ತೇನೆ. ಅಲಗಿನ ಉಕ್ಕು ಹಿಡಿಯೊಳಗೂ ಮುಂದುವರಿದಿರುತ್ತದೆ. ಆ ಬಾಲಕ್ಕೆ ಟ್ಯಾಂಗ್ ಅಂತಾರೆ. ಅದು ಹಿಡಿಯ ಕೊನೆಯ ತನಕ, ಹಿಡಿಯಷ್ಟೇ ಅಗಲವಾಗಿ ಹೋಗಿದ್ದರೆ ಫುಲ್ ಟ್ಯಾಂಗ್. ಹಿಡಿಯನ್ನು ಬದಿಯಿಂದ ನೋಡಿದರೆ ಎರಡು ಹೋಳುಗಳ ನಡುವೆ ಉಕ್ಕಿನ ಗೆರೆ ಕಾಣುತ್ತದೆ. ಇದು ಎಲ್ಲಕ್ಕಿಂತ ಗಟ್ಟಿ. ಕೆಲವು ಒಳ್ಳೆಯ ಚಾಕುಗಳಲ್ಲಿ ಬಾಲ ಸಣ್ಣದಿರುತ್ತದೆ, ಆದರೆ ಉದ್ದ ಇರುತ್ತದೆ, ಸುತ್ತ ರಬ್ಬರೋ ಪ್ಲಾಸ್ಟಿಕ್ಕೋ ಎರಕ ಹೊಯ್ದಿರುತ್ತಾರೆ. ಅದೂ ನಡೆಯುತ್ತದೆ. ನನ್ನದು ಮುರಿದದ್ದು ಟೊಳ್ಳು ಹಿಡಿಯದ್ದು. ಅದರಲ್ಲಿ ಬಾಲವೇ ಇರಲಿಲ್ಲ. ಅಲಗನ್ನು ಒಂದು ನಟ್ಟಿನಿಂದ ಬಿಗಿದಿದ್ದರು, ಅಷ್ಟೇ.

ದಪ್ಪ 2.5ರಿಂದ 4 ಮಿಲಿಮೀಟರ್ ಇರಲಿ. ಜಾಸ್ತಿ ದಪ್ಪ ಇದ್ದರೆ ಗಟ್ಟಿ ಅಂತ ಬಹಳ ಜನ ತಿಳಿದಿದ್ದಾರೆ. 6 ಮಿಲಿಮೀಟರಿನದ್ದು ಆಲೂಗಡ್ಡೆಯನ್ನು ಕೊಯ್ಯುವುದಿಲ್ಲ, ಒಡೆಯುತ್ತದೆ. ಭಾರವೂ ಹೌದು. ಒಂದೇ ಕಡೆ ಹರಿತ ಇರಲಿ, ತುದಿ ಬೆನ್ನಿಗಿಂತ ಸ್ವಲ್ಪ ಕೆಳಗೆ ಇಳಿದಿರಲಿ. ಬೆನ್ನು ಚೌಕವಾಗಿ, ಮೂಲೆ ಚೂಪಾಗಿದ್ದರೆ ಬೆಂಕಿ ಹೊತ್ತಿಸುವ ಫೆರೋ ಕಡ್ಡಿಯನ್ನು ಅದರಿಂದಲೇ ಗೀರಬಹುದು. ಇಲ್ಲದಿದ್ದರೆ ಕಡ್ಡಿಯ ಜೊತೆ ಬರುವ ಸಣ್ಣ ತಗಡು ಇದ್ದೇ ಇದೆ. ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ.

ತಮ್ಮ, ಗೆಳತಿ ಇಬ್ಬರ ವಾದಕ್ಕೆ ಬರೋಣ. ಕಾರ್ಬನ್ ಸ್ಟೀಲ್ ಒಳ್ಳೆಯದು, ಸುಳ್ಳಲ್ಲ. 1095 ಅನ್ನುವ ಉಕ್ಕಿನಲ್ಲಿ ಹತ್ತಿರ ಹತ್ತಿರ ಶೇ. 0.95 ಇಂಗಾಲ ಇರುತ್ತದೆ. ಬೇಗ ಹರಿತ ಆಗುತ್ತದೆ, ಮನೆಯ ಮಸೆಗಲ್ಲಿನಲ್ಲೇ ಮಸೆಯಬಹುದು. ನಿಮ್ಮ ತಮ್ಮ ಹುಬ್ಬಳ್ಳಿಯಲ್ಲಿ ಇದ್ದರೆ ಅವನಿಗೆ ಅದೇ ಸರಿ. ನೀವು ಹೋಗುವುದು ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡದೊಳಗೇ ಮುಳುಗಿರುವ ಸಹ್ಯಾದ್ರಿಗೆ. ಶನಿವಾರ ಬೆಳಿಗ್ಗೆ ನೆಂದ ಚೀಲ ಭಾನುವಾರ ರಾತ್ರಿ ಮನೆಗೆ ಬರುವ ತನಕ ಒಣಗುವುದಿಲ್ಲ. ಅಷ್ಟರೊಳಗೆ ಕಾರ್ಬನ್ ಸ್ಟೀಲಿನ ಮೇಲೆ ಕಂದು ಚುಕ್ಕೆ ಏಳುತ್ತದೆ. ಸೋಮವಾರ ಆಫೀಸು ಅಂತ ಒಂದು ದಿನ ಮರೆತರೆ ಚುಕ್ಕೆ ಗುಳಿ ಆಗುತ್ತದೆ. ಕೊಂಕಣದ ಕಡೆ ಇಳಿದರೆ ಗಾಳಿಯಲ್ಲಿ ಉಪ್ಪೂ ಸೇರುತ್ತದೆ. ಅದಕ್ಕೇ ನನ್ನ ಮತ ನಿಮ್ಮ ಗೆಳತಿಯ ಕಡೆಗೆ.

ಆದರೆ ಸ್ಟೇನ್‌ಲೆಸ್ ಅಂತ ಬರೆದ ಮಾತ್ರಕ್ಕೆ ನಂಬಬೇಡಿ. ಯಾವ ಸ್ಟೇನ್‌ಲೆಸ್ ಅಂತ ಹೆಸರು ಇರಬೇಕು. 12ಸಿ27, 14ಸಿ28ಎನ್, 440ಸಿ, ಎಯುಎಸ್-8, 8ಸಿಆರ್13ಎಂಒವಿ ಇವೆಲ್ಲ ಚಾಕುವಿಗೆ ಒಪ್ಪುವ ಉಕ್ಕುಗಳು. ಬರೀ 440 ಅಂತ ಇದ್ದರೆ ಯಾವ 440 ಅಂತ ಕೇಳಿ. ಎ, ಬಿ, ಸಿ ಅಂತ ಮೂರು ಇವೆ, ಸಿ ಯಲ್ಲಿ ಇಂಗಾಲ ಎಲ್ಲಕ್ಕಿಂತ ಜಾಸ್ತಿ. ಸರ್ಜಿಕಲ್ ಸ್ಟೀಲ್ ಅನ್ನುವುದು ಉಕ್ಕಿನ ಹೆಸರೇ ಅಲ್ಲ, ಬರೀ ಮಾರುವ ಮಾತು. ಈಗ ಡಿ2 ಅಂತ ಒಂದು ಬಹಳ ಓಡುತ್ತಿದೆ. ನಾನು ದಿನವೂ ಕೈಯಾಡಿಸಿದ ಉಕ್ಕು ಅದು. ನಮ್ಮ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಪಂಚು, ಡೈ, ಅಂದರೆ ಲೋಹ ಒತ್ತುವ ಅಚ್ಚು, ಮಾಡುವುದೇ ಅದರಲ್ಲಿ. ಅದರಲ್ಲಿ ಶೇ. 12ರಷ್ಟು ಕ್ರೋಮಿಯಂ ಇದೆ, ಹಾಗಾಗಿ ತುಕ್ಕು ಹಿಡಿಯುವುದಿಲ್ಲ ಅಂತ ಮಾರುತ್ತಾರೆ. ಆ ಕ್ರೋಮಿಯಂನ ದೊಡ್ಡ ಪಾಲು ಇಂಗಾಲದ ಜೊತೆ ಸೇರಿ ಗಟ್ಟಿ ಕಣಗಳಾಗಿಬಿಟ್ಟಿರುತ್ತದೆ. ತುಕ್ಕು ತಡೆಯುವುದಕ್ಕೆ ಉಳಿಯುವುದು ಕಡಿಮೆ. ಮಳೆಗಾಲದಲ್ಲಿ ಡಿ2 ತುಕ್ಕು ಹಿಡಿಯುತ್ತದೆ. ಹರಿತ ಬಹಳ ದಿನ ನಿಲ್ಲುತ್ತದೆ ನಿಜ, ಮಸೆಯುವುದಕ್ಕೆ ಮಾತ್ರ ಕೈ ಸೋಲುತ್ತದೆ.

ಅಲೆಅಲೆ ಚಿತ್ತಾರದ ಡಮಾಸ್ಕಸ್ ಚಾಕುಗಳೂ ನಿಮ್ಮ ಕಣ್ಣಿಗೆ ಬೀಳುತ್ತವೆ. ದಕ್ಷಿಣ ಭಾರತದ ಉಕ್ಕು ಒಂದು ಕಾಲದಲ್ಲಿ ಜಗತ್ತಿಗೇ ಹೋಗುತ್ತಿತ್ತು, ಹಳೆಯ ಡಮಾಸ್ಕಸ್ ಕತ್ತಿಗಳನ್ನು ಅಂಥ ಉಕ್ಕಿನಿಂದಲೇ ಮಾಡುತ್ತಿದ್ದರು. ಯುರೋಪಿನವರು ಅದಕ್ಕೆ ವೂಟ್ಜ್ ಅಂದರು. ಆ ಹೆಸರು ನಮ್ಮ ಉಕ್ಕು ಅನ್ನುವ ಮಾತಿನಿಂದಲೇ ಬಂತು ಅಂತ ಬಹಳ ವಿದ್ವಾಂಸರು ಹೇಳುತ್ತಾರೆ. 1795ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅದರ ಮೇಲೆ ಪ್ರಬಂಧ ಬಂದಿತ್ತು. ಇದನ್ನು ಹೇಳುವಾಗ ನನಗೆ ಹೆಮ್ಮೆ ಆಗುತ್ತದೆ. ಈಗ ಅಗ್ಗಕ್ಕೆ ಮಾರುವ ಡಮಾಸ್ಕಸ್‌ಗೂ ಅದಕ್ಕೂ ಸಂಬಂಧ ಇಲ್ಲ. ಕೆಲವು ಎರಡು ಬಗೆಯ ಉಕ್ಕನ್ನು ಮಡಚಿ ಬೆಸೆದದ್ದು, ಕೆಲವು ಬರೀ ಆಸಿಡ್‌ನಲ್ಲಿ ಬರೆದ ಚಿತ್ತಾರ. ಒಳಗೆ ಯಾವ ಉಕ್ಕಿದೆ ಅಂತ ಮಾರುವವರಿಗೇ ಗೊತ್ತಿರುವುದಿಲ್ಲ. ಚಿನ್ನದ ಚೂರಿ ಅಂತ ಕುತ್ತಿಗೆ ಕೊಯ್ದುಕೊಳ್ಳುತ್ತಾರಾ ಅಂತ ನಮ್ಮಲ್ಲಿ ಗಾದೆಯೇ ಇದೆಯಲ್ಲ.

ಉಕ್ಕಿನ ಹೆಸರಿಗಿಂತಲೂ ದೊಡ್ಡದು ಹದ. ಪುಣೆಯ ಪಕ್ಕದ ಭೋಸರಿಯಲ್ಲಿ ಮೂವತ್ತು ವರ್ಷ ಕುಲುಮೆಯ ಮುಂದೆ ನಿಂತವನು ನಾನು, ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಾದಾ ಕಾರ್ಬನ್ ಉಕ್ಕನ್ನು ಸುಮಾರು 800 ಡಿಗ್ರಿಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತೇವೆ. ಸ್ಟೇನ್‌ಲೆಸ್ ಆದರೆ 1,000 ಡಿಗ್ರಿ ದಾಟಿಸಬೇಕು. ಅದ್ದಿದ ತಕ್ಷಣ ಅದು ಗಾಜಿನ ಹಾಗೆ ಗಡುಸು, ಕೆಳಗೆ ಬಿದ್ದರೆ ಒಡೆಯಬಹುದು. ಅದನ್ನು ಮತ್ತೆ 200 ಡಿಗ್ರಿಯ ಆಸುಪಾಸಿನಲ್ಲಿ ಒಂದೆರಡು ಗಂಟೆ ಇಟ್ಟು ಗಡಸುತನ ಸ್ವಲ್ಪ ಇಳಿಸುತ್ತೇವೆ. ಆಗ ಹರಿತವೂ ನಿಲ್ಲುತ್ತದೆ, ಏಟನ್ನೂ ತಾಳುತ್ತದೆ. ಗಡಸುತನ ರಾಕ್‌ವೆಲ್ ಸಿ ಅನ್ನುವ ಅಳತೆಯಲ್ಲಿ 56ರಿಂದ 60ರ ನಡುವೆ ಇರಬೇಕು. ಅದಕ್ಕಿಂತ ತುಂಬ ಕಡಿಮೆ ಆದರೆ ಅಲಗಿನ ಬಾಯಿ, ಅಂದರೆ ಹರಿತದ ಅಂಚು, ಮಡಚಿಕೊಳ್ಳುತ್ತದೆ. ತುಂಬ ಜಾಸ್ತಿ ಆದರೆ ಕಲ್ಲಿಗೆ ತಾಗಿದಾಗ ಚೂರು ಏಳುತ್ತದೆ. ಒಳ್ಳೆಯ ಕಂಪನಿ ಈ ಅಂಕಿಯನ್ನು ಬರೆದೇ ಬರೆಯುತ್ತದೆ. ಬರೆಯದಿದ್ದರೆ ಅನುಮಾನ ಪಡಿ. ಒಂದೇ 440ಸಿ ಇಬ್ಬರ ಕೈಯಲ್ಲಿ ಎರಡು ಬೇರೆ ಚಾಕು ಆಗುತ್ತದೆ. ಸಾದಾ ಉಕ್ಕು ಸರಿಯಾದ ಹದದಲ್ಲಿ ಇದ್ದರೆ, ಹದ ತಪ್ಪಿದ ದುಬಾರಿ ಉಕ್ಕಿಗಿಂತ ಎಷ್ಟೋ ಮೇಲು.

ಮನೆಯಲ್ಲಿ ಪರೀಕ್ಷೆ ಮಾಡಬೇಕಾ? ಹೊಸ ಅರ ಒಂದನ್ನು ತಗೊಂಡು ಹಿಡಿಯ ಹತ್ತಿರ ಹರಿತದ ಅಂಚಿನ ಮೇಲೆ ಹಗುರವಾಗಿ ಒಂದೇ ಸಲ ಎಳೆಯಿರಿ. ಹದ ಇದ್ದರೆ ಅರ ಬಹುಮಟ್ಟಿಗೆ ಜಾರುತ್ತದೆ. ಮೇಣ ಕೆರೆದ ಹಾಗೆ ಕಚ್ಚಿದರೆ ಹದ ಇಲ್ಲ. ಇದೇ ಕಾರಣಕ್ಕೆ ಇನ್ನೊಂದು ಎಚ್ಚರಿಕೆ. ಸೈಕಲ್ ಮೇಲೆ ಚಕ್ರ ಕಟ್ಟಿಕೊಂಡು ಬೀದಿಯಲ್ಲಿ ಸಾಣೆ ಹಿಡಿಯುವವರ ಹತ್ತಿರ ಈ ಚಾಕು ಕೊಡಬೇಡಿ. ಅವರ ಕೈಚಳಕದ ಮೇಲೆ ನನಗೆ ಗೌರವ ಇದೆ, ಮನೆಯ ಕತ್ತರಿ ಅಲ್ಲೇ ಸಾಣೆ ಹಿಡಿಸುತ್ತೇವೆ. ಆದರೆ ಒಣ ಚಕ್ರಕ್ಕೆ ಒತ್ತಿ ಹಿಡಿದಾಗ ತೆಳ್ಳನೆಯ ಬಾಯಿ ಕ್ಷಣದಲ್ಲಿ ಕಾಯುತ್ತದೆ. ಅಂಚಿನಲ್ಲಿ ನೀಲಿ ಬಣ್ಣ ಕಂಡರೆ ಅಲ್ಲಿನ ಹದ ಹೋಯಿತು ಅಂತಲೇ ಲೆಕ್ಕ. ಎಷ್ಟು ಮಸೆದರೂ ಮತ್ತೆ ಮೊಂಡಾಗುತ್ತದೆ. ನೀರು ಹಾಕಿ ಮಸೆಯುವ 1000 ನಂಬರಿನ ಕಲ್ಲು ಒಂದು ತಗೊಳ್ಳಿ, ಸಾಕು. ಚಾಕುವಿನ ಕೋನವನ್ನು ಮೊದಲಿನಿಂದ ಕೊನೆಯ ತನಕ ಬದಲಾಯಿಸದೆ ಎಳೆಯುವುದೊಂದೇ ಕಲಿಯಬೇಕಾದ್ದು. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಹತ್ತು ಸಲ ಹಿಂದಕ್ಕೆ ಎಳೆಯಿರಿ.

ಹಿಡಿ ನಿಮ್ಮ ಕೈಗೆ ಸರಿಹೋಗಬೇಕು. ಇದನ್ನು ಚಿತ್ರ ನೋಡಿ ತಿಳಿಯುವುದಕ್ಕೆ ಆಗುವುದಿಲ್ಲ. ದೊಡ್ಡ ಕೈಯ ಗಂಡಸರಿಗೆಂದು ಮಾಡಿದ ದಪ್ಪ ಹಿಡಿಗಳೇ ಜಾಸ್ತಿ ಬರುತ್ತವೆ. ಮುಷ್ಟಿ ಕಟ್ಟಿ ಹಿಡಿದಾಗ ನಿಮ್ಮ ಬೆರಳ ತುದಿ ಅಂಗೈಯನ್ನು ಮುಟ್ಟಿಯೂ ಮುಟ್ಟದ ಹಾಗಿರಬೇಕು. ಬೆರಳು ಅಂಗೈಗೆ ಒತ್ತಿದರೆ ಹಿಡಿ ಸಣ್ಣ, ತುಂಬ ದೂರ ನಿಂತರೆ ದಪ್ಪ. ಒರೆಯಲ್ಲಿ ಇಟ್ಟುಕೊಂಡೇ, ಕೈಗೆ ಸೋಪಿನ ನೀರು ಸವರಿಕೊಂಡು ಒಮ್ಮೆ ಹಿಡಿದು ತಿರುಚಿ ನೋಡಿ. ಮಳೆಯಲ್ಲಿ ನಿಮ್ಮ ಕೈ ಹಾಗೇ ಇರುತ್ತದೆ. ರಬ್ಬರ್, ಒರಟು ಪ್ಲಾಸ್ಟಿಕ್, ಬಟ್ಟೆಯ ಪದರಗಳನ್ನು ಅಂಟಿನಲ್ಲಿ ಬೆಸೆದ ಮೈಕಾರ್ಟಾ ಇವು ಒದ್ದೆಯಲ್ಲೂ ಹಿಡಿತ ಕೊಡುತ್ತವೆ. ಪಾಲಿಶ್ ಮಾಡಿದ ಮರ ನೋಡುವುದಕ್ಕೆ ಚಂದ, ನಮ್ಮ ಮಳೆಗಾಲದಲ್ಲಿ ಉಬ್ಬುತ್ತದೆ. ಬೆರಳು ಮುಂದೆ ಅಲಗಿನ ಮೇಲೆ ಜಾರದ ಹಾಗೆ ಒಂದು ಸಣ್ಣ ತಡೆ ಇರಲೇಬೇಕು.

ಒರೆಯ ವಿಷಯವನ್ನು ಯಾರೂ ಕೇಳುವುದಿಲ್ಲ, ನೀವೂ ಕೇಳಿಲ್ಲ. ನಾನು ಕಂಡ ಅತಿ ಕೆಟ್ಟ ಗಾಯ ಒರೆಯಿಂದಲೇ ಆದದ್ದು. ನಮ್ಮ ಗುಂಪಿನ ಹುಡುಗನೊಬ್ಬ ತೆಳ್ಳನೆಯ ನೈಲಾನ್ ಬಟ್ಟೆಯ ಒರೆಯಲ್ಲಿ ಚಾಕು ಇಟ್ಟು ಸೊಂಟಕ್ಕೆ ಕಟ್ಟಿಕೊಂಡಿದ್ದ. ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಜಾರಿ ಕೂತ. ಅಲಗು ಬಟ್ಟೆಯನ್ನು ಸೀಳಿ ತೊಡೆಗೆ ಇಳಿಯಿತು. ರಕ್ತದ ದೊಡ್ಡ ನಾಳ ಒಂದು ಬೆರಳಿನಷ್ಟು ಪಕ್ಕದಲ್ಲಿತ್ತು ಅಂತ ಆಮೇಲೆ ಡಾಕ್ಟರು ಹೇಳಿದರು. ಕೆಳಗಿನ ಊರಿಗೆ ಇಳಿಸುವ ಮೂರು ಗಂಟೆ ನಾವು ಸರದಿಯ ಮೇಲೆ ಆ ಗಾಯವನ್ನು ಒತ್ತಿ ಹಿಡಿದೇ ನಡೆದೆವು. ಅದಕ್ಕೇ ಹೇಳುತ್ತೇನೆ, ಒರೆ ಗಟ್ಟಿ ಪ್ಲಾಸ್ಟಿಕ್ಕಿನದೋ ಕೈಡೆಕ್ಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಹಾಳೆಯದೋ ಇರಲಿ. ತಲೆಕೆಳಗೆ ಮಾಡಿ ಅಲ್ಲಾಡಿಸಿದರೂ ಚಾಕು ಬೀಳಬಾರದು. ತಳದಲ್ಲಿ ನೀರು ಇಳಿಯುವ ತೂತು ಇರಲಿ. ಚರ್ಮದ ಒರೆ ನೀರು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ, ಚರ್ಮ ಹದ ಮಾಡಿದ ರಾಸಾಯನಿಕವೂ ಅಲಗನ್ನು ತಿನ್ನುತ್ತದೆ. ಮಳೆಗಾಲಕ್ಕೆ ಅದು ಬೇಡವೇ ಬೇಡ. ನಡೆಯುವಾಗ ಯಾವ ಒರೆಯೂ ಸೊಂಟದಲ್ಲಿ ಬೇಡ, ಚೀಲದೊಳಗೆ ಇರಲಿ.

ಕಾನೂನಿನ ಪ್ರಶ್ನೆ ನೀವು ಕೇಳಿದ್ದು ತುಂಬ ಒಳ್ಳೆಯದಾಯಿತು. ಇದರಲ್ಲಿ ಮೂರು ಸಂಗತಿ ಬೇರೆ ಬೇರೆ ಇವೆ. ಶಸ್ತ್ರಾಸ್ತ್ರ ನಿಯಮಗಳು, 2016ರ ಪಟ್ಟಿಯಲ್ಲಿ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚಾಕು ಆಯುಧದ ಸಾಲಿಗೆ ಬರುತ್ತದೆ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಕೆಲಸಕ್ಕೆ ಮಾಡಿದವುಗಳಿಗೆ ವಿನಾಯಿತಿ. ನೀವು ನೋಡಿದ 10 ಇಂಚಿನ ಚಾಕು ಆ ಗೆರೆಯನ್ನು ದಾಟುತ್ತದೆ. ಕಠಾರಿಯೂ ಅದೇ ಪಟ್ಟಿಯಲ್ಲಿದೆ, ಅದಕ್ಕೇ ಎರಡೂ ಕಡೆ ಹರಿತ ಇರುವುದನ್ನು ಮುಟ್ಟಬೇಡಿ. ಇನ್ನು ನಾಲ್ಕು ಇಂಚಿನದಾದರೂ ಊರೊಳಗೆ ಹೇಗೆ ಬೇಕೋ ಹಾಗೆ ಒಯ್ಯಬಹುದು ಅಂತಲ್ಲ. ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಮಿನ ಕೆಳಗೆ ಪುಣೆ, ಮುಂಬಯಿಯಲ್ಲಿ ಆಗಾಗ ಆದೇಶ ಹೊರಡುತ್ತದೆ. ಅದು ಜಾರಿಯಲ್ಲಿದ್ದಾಗ ಸಾರ್ವಜನಿಕ ಜಾಗದಲ್ಲಿ ಆಯುಧ ಹಿಡಿದು ಓಡಾಡುವಂತಿಲ್ಲ. ಕೊಯ್ತಾ ಹಿಡಿದು ಜನರನ್ನು ಹೆದರಿಸುವ ಕೊಯ್ತಾ ಗ್ಯಾಂಗ್‌ಗಳ ಸುದ್ದಿಗಳಾದ ಮೇಲೆ ಪುಣೆಯಲ್ಲಿ ತಪಾಸಣೆಯೂ ಬಿಗಿಯಾಯಿತು. ಅದಕ್ಕೇ ಚಾಕು ಒರೆಯಲ್ಲಿ, ಒರೆ ಬಟ್ಟೆಯಲ್ಲಿ, ಅದು ಅಡುಗೆ ಪಾತ್ರೆಯ ಚೀಲದಲ್ಲಿ, ಆ ಚೀಲ ಬ್ಯಾಗಿನ ತಳದಲ್ಲಿ ಇರಲಿ. ಸ್ವಾರಗೇಟ್ ಬಸ್ ಸ್ಟ್ಯಾಂಡಿನಲ್ಲಿ ತೆಗೆದು ಗೆಳೆಯರಿಗೆ ತೋರಿಸಬೇಡಿ. ಟ್ರೆಕ್ ಇಲ್ಲದ ದಿನ ಕಾರಿನಲ್ಲೋ ಆಫೀಸ್ ಬ್ಯಾಗಿನಲ್ಲೋ ಬಿಡಬೇಡಿ.

ಮೂರನೆಯದು ಟ್ರೆಕ್ಕರ್‌ಗಳಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆಯುಧ ಅಂದರೆ ಏನು ಅಂತ ಹೇಳುವ ಜಾಗದಲ್ಲಿ ಚಾಕುವಿನ ಹೆಸರೂ ಇದೆ. ಅದೇ ಕಾಯ್ದೆಯ 31ನೇ ಕಲಮಿನ ಪ್ರಕಾರ ಮುಖ್ಯ ವನ್ಯಜೀವಿ ಪಾಲಕರ ಇಲ್ಲವೇ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವಂತಿಲ್ಲ. ಹರಿಶ್ಚಂದ್ರಗಡ, ಕಳಸೂಬಾಯಿ, ಭೀಮಾಶಂಕರ ಎಲ್ಲ ಅಭಯಾರಣ್ಯದ ಪ್ರದೇಶಗಳು. ಗೋವಾದ ಮೊಲ್ಲೆಮ್ ಕಡೆ ಹೋದರೂ ಅಷ್ಟೇ. ಅಲ್ಲಿಗೆ ಹೋಗುವಾಗ ಚಾಕುವನ್ನು ಮನೆಯಲ್ಲೇ ಬಿಡಿ, ಪಟ್ಟಿ ಕತ್ತರಿಸುವ ಮೊಂಡು ತುದಿಯ ಕತ್ತರಿ ಪ್ರಥಮ ಚಿಕಿತ್ಸೆಯ ಡಬ್ಬಿಯಲ್ಲಿ ಇರಲಿ. ತರಕಾರಿ ಮನೆಯಿಂದಲೇ ಹೆಚ್ಚಿಕೊಂಡು ಹೋಗಿ. ಕಾಡಿನಲ್ಲಿ ಬೆಂಕಿಯನ್ನೂ ಹಾಕಬೇಡಿ, ಹಸಿ ಮರವನ್ನು ಸುಮ್ನೆ ಕೆತ್ತಲೂ ಬೇಡಿ. ಈ ಬೆಟ್ಟ ನಮಗೆ ಕೊಟ್ಟಿರುವುದು ಎಷ್ಟೋ ಇದೆ, ಅಲ್ವಾ?

ಹಾಗಾದರೆ ಯಾವುದನ್ನು ಕೊಳ್ಳಬೇಕು? ಸ್ವೀಡನ್ನಿನ ಮೋರಾ ಊರಿನ ಕಡೆ ಮೋರಾಕ್ನಿವ್ ಅನ್ನುವ ಕಂಪನಿಯವರು 1891ರಿಂದ ಚಾಕು ಮಾಡುತ್ತಿದ್ದಾರೆ. ಅವರ ಕಂಪಾನಿಯನ್ ಅನ್ನುವ ಸ್ಟೇನ್‌ಲೆಸ್ ಚಾಕು ನಿಮಗೆ ನಾನು ಹೇಳುವ ಮೊದಲ ಹೆಸರು. ಅಲಗು 10 ಸೆಂಟಿಮೀಟರಿಗಿಂತ ಕೂದಲೆಳೆ ಜಾಸ್ತಿ, ದಪ್ಪ 2.5 ಮಿಲಿಮೀಟರ್, ಹಿಡಿ ರಬ್ಬರಿನದು, ಒರೆ ಗಟ್ಟಿ ಪ್ಲಾಸ್ಟಿಕ್ಕಿನದು. ಫುಲ್ ಟ್ಯಾಂಗ್ ಅಲ್ಲ, ಬೆನ್ನೂ ಚೂಪಿಲ್ಲ. ನೀವು ಸೌದೆ ಬಡಿಯುವುದಿಲ್ಲವಾದ್ದರಿಂದ ಚಿಂತೆ ಇಲ್ಲ. ಅವರದೇ ಗಾರ್ಬರ್ಗ್ ಫುಲ್ ಟ್ಯಾಂಗ್, 3.2 ಮಿಲಿಮೀಟರ್ ದಪ್ಪ, 14ಸಿ28ಎನ್ ಉಕ್ಕು. ಅದು ನಿಮ್ಮ 3,000 ರೂಪಾಯಿಯಲ್ಲಿ ಬರುವುದಿಲ್ಲ. ನಿಮಗೆ ಅದರ ಅವಶ್ಯಕತೆಯೂ ಕಾಣುವುದಿಲ್ಲ. ಉಳಿದ ಹಣದಲ್ಲಿ ಮಸೆಗಲ್ಲು, ಒಳ್ಳೆಯ ಹೆಡ್‌ಟಾರ್ಚ್ ಮತ್ತು ಒಂದು ಸೀಟಿ ತಗೊಳ್ಳಿ. ಮಂಜಿನಲ್ಲಿ ದಾರಿ ತಪ್ಪಿದವರನ್ನು ಸೀಟಿಯ ಸದ್ದು ಹಿಡಿದೇ ನಾವು ಎರಡು ಸಲ ಹುಡುಕಿದ್ದೇವೆ. ಕೈಯಿಂದ ಹಿಡಿದು ನೋಡಿಯೇ ಕೊಳ್ಳಬೇಕು ಅನ್ನಿಸಿದರೆ ಪುಣೆಯ ರವಿವಾರ ಪೇಠೆಯ ಬೋಹ್ರಿ ಆಳಿ ಅನ್ನುವ ಅಂಗಡಿ ಬೀದಿಯಲ್ಲಿ ಒಂದು ಸುತ್ತು ಹಾಕಿ. ಅಲ್ಲಿ ಸಿಗುವ ತೋಟದ ಚಾಕು, ಚರ್ಮದ ಕೆಲಸದ ಚಾಕು ಹಿಡಿದು ನೋಡಿದರೂ ನಿಮ್ಮ ಕೈಗೆ ಎಷ್ಟು ದಪ್ಪ ಹಿತ ಅಂತ ತಿಳಿಯುತ್ತದೆ.

ಮನೆಗೆ ಬಂದ ರಾತ್ರಿಯೇ ತೊಳೆದು, ಒರೆಸಿ, ಒರೆಯಿಂದ ಹೊರಗಿಟ್ಟು ಒಣಗಿಸಿ. ಸ್ಟೇನ್‌ಲೆಸ್ ಆದರೂ ಇದು ಬೇಕು. ಮೆಡಿಕಲ್ ಅಂಗಡಿಯಲ್ಲಿ ಲಿಕ್ವಿಡ್ ಪ್ಯಾರಾಫಿನ್ ಸಿಗುತ್ತದೆ, ಎರಡು ಹನಿ ಸವರಿ. ತಿನ್ನುವ ಪದಾರ್ಥಕ್ಕೆ ತಾಗಿದರೂ ಭಯ ಇಲ್ಲ. ಕೊಬ್ಬರಿ ಎಣ್ಣೆ ದಿನ ಕಳೆದ ಹಾಗೆ ಅಂಟಂಟಾಗಿ ಕಮಟು ವಾಸನೆ ಬರುತ್ತದೆ. ಕೆತ್ತುವಾಗ ಯಾವಾಗಲೂ ಕೂತು ಕೆತ್ತಿ, ಮೊಣಕೈ ಮೊಣಕಾಲಿನ ಮೇಲೆ ಊರಿ, ಅಲಗು ತೊಡೆಯಿಂದ ಆಚೆಗೆ ಹೋಗುವ ಹಾಗೆ. ಕೊಡುವಾಗ ಹಿಡಿಯನ್ನು ಮುಂದೆ ಮಾಡಿ ಕೊಡಿ. ತೆಗೆದುಕೊಂಡವರು ಸಿಕ್ಕಿತು ಅನ್ನುವ ತನಕ ಕೈಬಿಡಬೇಡಿ.

ಚಾಕು ಬಂದ ಮೇಲೆ ಮೊದಲ ಟ್ರೆಕ್‌ಗೆ ಮುಂಚೆ ಒಂದು ವಾರ ಅಡುಗೆಮನೆಯಲ್ಲೇ ಬಳಸಿ. ಈರುಳ್ಳಿ, ಸೌತೆಕಾಯಿ, ತೆಂಗಿನಕಾಯಿಯ ನಾರು ಎಲ್ಲ ಅದರಲ್ಲೇ. ಹಿಡಿ ಎಲ್ಲಿ ಒತ್ತುತ್ತದೆ, ಹರಿತ ಎಷ್ಟು ದಿನ ನಿಲ್ಲುತ್ತದೆ ಅಂತ ಅಷ್ಟರಲ್ಲಿ ಗೊತ್ತಾಗುತ್ತದೆ. ಒತ್ತುವ ಮೂಲೆ ಇದ್ದರೆ 220 ನಂಬರಿನ ಸ್ಯಾಂಡ್‌ಪೇಪರಿನಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ ತೆಗೆಯಿರಿ. ಮಸೆಯುವುದು ಕೈಗೆ ಬರದಿದ್ದರೆ ಮತ್ತೆ ಬರೆಯಿರಿ, ಅದನ್ನು ಬೇರೆಯಾಗಿ ವಿವರವಾಗಿ ಹೇಳುತ್ತೇನೆ.